ಮುರಿದ ಬೋಲ್ಟು ಅದಕ್ಕೂ ಮೊದಲೇ ಸಡಿಲವಾಗಿತ್ತು

(ಸೈಕಲ್ ಸವಾರರಿಗೂ ರಿಪೇರಿ ಕಲಿಯುತ್ತಿರುವವರಿಗೂ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸೈಕಲ್ಲಿನ ಬೋಲ್ಟು ಮುರಿದರೆ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಒಂದು, ‘ಮಾಲು ಸರಿ ಇರಲಿಲ್ಲ’. ಇನ್ನೊಂದು, ‘ಯಾರೋ ಜಾಸ್ತಿ ಟೈಟ್ ಮಾಡಿಬಿಟ್ಟಿದ್ದಾರೆ’. ಎರಡೂ ಒಮ್ಮೊಮ್ಮೆ ನಿಜವೇ. ಆದರೆ ಓಡುತ್ತಿದ್ದಾಗ ಮುರಿದ ಬೋಲ್ಟಿನ ತುಂಡನ್ನು ಬೆಳಕಿಗೆ ಹಿಡಿದು ನೋಡಿ. ಬಹುಪಾಲು ತುಂಡುಗಳಲ್ಲಿ ಮುರಿದ ಮುಖ ಎರಡು ಬಗೆಯಾಗಿರುತ್ತದೆ. ಒಂದು ಕಡೆ ನುಣುಪಾಗಿ, ಮಸುಕಾಗಿ, ಕೆಲವೊಮ್ಮೆ ತುಕ್ಕಿನ ಬಣ್ಣಕ್ಕೆ ತಿರುಗಿ, ಮೇಲೆ ಸಣ್ಣ ಸಣ್ಣ ಕಮಾನಿನಂಥ ಗೆರೆಗಳಿರುತ್ತವೆ. ಉಳಿದ ಚೂರು ಜಾಗ ಹೊಸದಾಗಿ ಒಡೆದಂತೆ ಹೊಳೆಯುತ್ತದೆ, ಮುಟ್ಟಿದರೆ ತರಿತರಿ. ನುಣುಪಾದ ಭಾಗದಲ್ಲಿ ಬಿರುಕು ದಿನಗಟ್ಟಲೆ, ವಾರಗಟ್ಟಲೆ ಬೆಳೆದಿದೆ. ತರಿತರಿ ಭಾಗ ಮಾತ್ರ ಕೊನೆಯ ಗಳಿಗೆಯಲ್ಲಿ ಹರಿದದ್ದು. ಜಾಸ್ತಿ ಬಿಗಿ ಮಾಡಿ ಮುರಿದ ಬೋಲ್ಟು ಹೀಗಿರುವುದಿಲ್ಲ. ಅದು ಎಳೆದು ಸಣ್ಣಗಾಗಿ, ತಿರುಚಿಕೊಂಡು, ತ್ರೆಡ್ಡುಗಳ ನಡುವಿನ ಅಂತರ ಹಿಗ್ಗಿ, ಸ್ಪ್ಯಾನರ್ ಕೈಯಲ್ಲಿದ್ದಾಗಲೇ ತುಂಡಾಗುತ್ತದೆ.

ಹಾಗಾದರೆ ಬಿರುಕು ಬೆಳೆದದ್ದೇಕೆ? ಬೋಲ್ಟು ಸಡಿಲವಾಗಿತ್ತು, ಅದಕ್ಕೆ. ಇವತ್ತಿನ ಮಾತೆಲ್ಲ ಈ ಒಂದು ವಿಷಯದ ಸುತ್ತಲೇ.

ಎರಡು ಭಾಗಗಳ ನಡುವೆ ಅಡ್ಡ ನಿಂತು ಭಾರ ಹೊರುವುದು ಬೋಲ್ಟಿನ ಕೆಲಸ ಅಂತ ನಾವು ಅಂದುಕೊಂಡಿರುತ್ತೇವೆ. ನಿಜವಾಗಿ ಅದು ಎರಡೂ ಭಾಗಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಭಾರವನ್ನು ಹೊರುತ್ತದೆ. ಲೆಕ್ಕ ನೋಡಿ. ಕ್ಯಾರಿಯರ್ ಕೂರಿಸುವ ಎಂ5 ಬೋಲ್ಟು, ಅಂದರೆ 5 ಮಿ.ಮೀ. ದಪ್ಪದ, 4 ಮಿ.ಮೀ. ಅಲೆನ್ ಕೀ ಕೂರುವಂಥದ್ದು. ಅದನ್ನು 5 ನ್ಯೂಟನ್ ಮೀಟರಿಗೆ (ತಿರುಗಿಸುವ ಬಲದ ಅಳತೆ ಇದು) ಬಿಗಿ ಮಾಡಿದರೆ ಹತ್ತಿರ ಹತ್ತಿರ 5000 ನ್ಯೂಟನ್, ಅಂದರೆ 500 ಕಿಲೋ ತೂಕದಷ್ಟು ಬಲದಿಂದ ಒತ್ತಿ ಹಿಡಿಯುತ್ತದೆ. ಒಣ ಲೋಹದ ಮುಖಗಳ ನಡುವೆ ಇಷ್ಟು ಒತ್ತಡವಿದ್ದರೆ ಸುಮಾರು 75 ಕಿಲೋ ಅಡ್ಡಬಲ ಬಂದರೂ ಜಾರುವುದಿಲ್ಲ. ಅಲ್ಲಿಯವರೆಗೆ ಬೋಲ್ಟಿಗೆ ರಸ್ತೆಗುಂಡಿಯ ಪೆಟ್ಟು ತಾಗುವುದೇ ಇಲ್ಲ ಎನ್ನಬಹುದು. ಅದೇ ಬೋಲ್ಟು ಸಡಿಲವಾದರೆ ಘರ್ಷಣೆ ಹೋಯಿತು. ಈಗ ಪ್ರತಿ ಗುಂಡಿಗೂ ಬೋಲ್ಟೇ ಬಾಗಬೇಕು. ರಸ್ತೆಯ ಒಂದು ದಿನದ ಸವಾರಿಯಲ್ಲೇ ಸಾವಿರಾರು ಸಲ ಬಾಗಿ ಬಾಗಿ, ತಲೆಯ ಕೆಳಗೋ ಮೊದಲ ತ್ರೆಡ್ಡಿನಲ್ಲೋ ಬಿರುಕು ಶುರುವಾಗುತ್ತದೆ. ಮುರಿದ ಜಾಗಕ್ಕೆ ಇನ್ನೂ ಗಟ್ಟಿ ಬೋಲ್ಟು ಹಾಕಿದರೆ ಇದು ನಿಲ್ಲುವುದಿಲ್ಲ. ಬಿಗಿ ಉಳಿಯುವಂತೆ ಮಾಡಿದರೆ ಮಾತ್ರ ನಿಲ್ಲುತ್ತದೆ.

ಬಿಗಿ ಮಾಡಿದ ಬೋಲ್ಟು ಯಾಕೆ ಸಡಿಲವಾಗುತ್ತದೆ? ದಾರಿ ಎರಡು. ಮೊದಲನೆಯದು ತಗ್ಗುವುದು. ಬೋಲ್ಟು ಹಿಡಿದಿಡುವುದು ತಾನು ಹಿಗ್ಗಿರುವುದರಿಂದ, ಆದರೆ ಆ ಹಿಗ್ಗು ಎಷ್ಟು ಅಲ್ಪ ಅಂದರೆ ನಂಬಲಾಗುವುದಿಲ್ಲ. 8 ಮಿ.ಮೀ. ಹಿಡಿತದ ಎಂ5 ಬೋಲ್ಟು 5000 ನ್ಯೂಟನ್ನಿಗೆ ಹಿಗ್ಗುವುದು ಸುಮಾರು 14 ಮೈಕ್ರಾನ್, ತಲೆಕೂದಲಿನ ದಪ್ಪದ ಐದನೇ ಒಂದು ಪಾಲು. ಫ್ರೇಮಿಗೆ ಹೊಡೆದ ಪೌಡರ್ ಕೋಟಿಂಗಿನ ದಪ್ಪ 60ರಿಂದ 100 ಮೈಕ್ರಾನ್. ಬೋಲ್ಟಿನ ತಲೆಯ ಕೆಳಗೆ ಆ ಬಣ್ಣ ಒತ್ತಿಕೊಂಡು 14 ಮೈಕ್ರಾನ್ ತಗ್ಗಿದರೆ ಸಾಕು, ಬೋಲ್ಟು ಒಂದು ಎಳೆಯೂ ತಿರುಗದೆ ಇದ್ದಲ್ಲೇ ಬಿಗಿ ಸೊನ್ನೆಯಾಗುತ್ತದೆ. ಹೊಸ ಸೈಕಲ್ಲಿನ ಮೊದಲ 50ರಿಂದ 100 ಕಿ.ಮೀ. ಆದ ಮೇಲೆ ಎಲ್ಲ ಬೋಲ್ಟನ್ನೂ ಮತ್ತೊಮ್ಮೆ ಬಿಗಿ ನೋಡಿ ಅನ್ನುವುದು ಇದಕ್ಕೇ. ಹೊಸ ಕ್ಯಾರಿಯರ್, ಹೊಸ ಮಡ್‌ಗಾರ್ಡ್, ಹೊಸ ಸೀಟು ಹಾಕಿದಾಗಲೂ ಹಾಗೆಯೇ. ಬೋಲ್ಟಿನ ತಲೆಯ ಕೆಳಗೆ ರಬ್ಬರ್ ಅಥವಾ ಪ್ಲಾಸ್ಟಿಕ್ ವಾಷರ್ ಇಟ್ಟರೆ ಬಿಗಿ ಉಳಿಯುವ ಆಸೆಯನ್ನೇ ಬಿಡಬೇಕು.

ಎರಡನೆಯದು ತಿರುಗಿ ಬಿಚ್ಚಿಕೊಳ್ಳುವುದು. 1969ರಲ್ಲಿ ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ ಒಂದು ಪರೀಕ್ಷಾ ಯಂತ್ರದಲ್ಲಿ ತೋರಿಸಿಕೊಟ್ಟ ಸಂಗತಿ ಇದು: ಬೋಲ್ಟನ್ನು ಉದ್ದುದ್ದ ಎಳೆದಾಡಿದರೆ ಅದು ಅಷ್ಟಾಗಿ ಬಿಚ್ಚಿಕೊಳ್ಳುವುದಿಲ್ಲ. ಹಿಡಿದಿರುವ ಭಾಗಗಳು ಅಡ್ಡಡ್ಡ ಜಾರತೊಡಗಿದರೆ ತಾನಾಗಿಯೇ ತಿರುಗಿ ಬಿಚ್ಚಿಕೊಳ್ಳುತ್ತದೆ. ಹೀಗಾಗಿ ಎರಡೂ ದಾರಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬಣ್ಣ ತಗ್ಗುತ್ತದೆ, ಒತ್ತಡ ಇಳಿಯುತ್ತದೆ, ಭಾಗಗಳು ಜಾರುತ್ತವೆ, ಬೋಲ್ಟು ತಿರುಗುತ್ತದೆ. ಸುರುಳಿ ಸ್ಪ್ರಿಂಗ್ ವಾಷರಿನ ಮೇಲೆ ನಮ್ಮಲ್ಲಿ ಬಹಳ ನಂಬಿಕೆ. ಆದರೆ ಇಂಥ ಅಡ್ಡ ಜಾರಾಟದ ಪರೀಕ್ಷೆಯಲ್ಲಿ ಅದು ಬೋಲ್ಟನ್ನು ಉಳಿಸಿಕೊಳ್ಳುವುದಿಲ್ಲ. ಬಿಗಿ ಮಾಡಿದಾಗ ಅದು ಚಪ್ಪಟೆಯಾಗಿ ಮಾಮೂಲಿ ವಾಷರ್ ಆಗಿಬಿಡುತ್ತದೆ, ಅಷ್ಟೆ.

ಹಾಗಾದರೆ ಎಷ್ಟು ಬಿಗಿ ಮಾಡಬೇಕು? ಹ್ಯಾಂಡಲ್ ಹಿಡಿಯುವ ಸ್ಟೆಮ್ಮಿನ ಎಂ5 ಬೋಲ್ಟಿಗೆ 5ರಿಂದ 6 ನ್ಯೂಟನ್ ಮೀಟರ್. ಸೀಟ್‌ಪೋಸ್ಟ್ ಕ್ಲ್ಯಾಂಪಿಗೆ 5ರಿಂದ 7. ಡಿಸ್ಕ್ ಬ್ರೇಕಿನ ಕ್ಯಾಲಿಪರ್ ಬೋಲ್ಟಿಗೆ 6ರಿಂದ 8. ವಾಟರ್ ಬಾಟಲ್ ಸ್ಟ್ಯಾಂಡಿಗೆ 2ರಿಂದ 3 ಸಾಕು. ಹಿಂದಿನ ಎಕ್ಸಲ್ ನಟ್ಟಿಗೆ 30ರಿಂದ 45, ಚೌಕ ತುದಿಯ ಎಕ್ಸಲಿಗೆ ಕೂರುವ ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಬೋಲ್ಟಿಗೆ 35ರಿಂದ 50, ಪೆಡಲಿಗೂ ಹೆಚ್ಚುಕಡಿಮೆ ಅಷ್ಟೇ. ಭಾಗದ ಮೇಲೆಯೇ ಅಂಕಿ ಅಚ್ಚಾಗಿದ್ದರೆ ಅದೇ ಅಂತಿಮ. ಕಾರ್ಬನ್ ಭಾಗಗಳಿಗಂತೂ ಅದನ್ನು ದಾಟಲೇಬಾರದು.

ಈ ಬಿಗಿಯನ್ನು ಅಳೆಯುವ ಟಾರ್ಕ್ ರೆಂಚ್ ಇಲ್ಲದವರು ಕೈಚೆಲ್ಲಬೇಕಿಲ್ಲ. ಬೋಲ್ಟಿನ ನಡುವಿನಿಂದ 10 ಸೆಂ.ಮೀ. ದೂರದಲ್ಲಿ 5 ಕಿಲೋ ಬಲ ಹಾಕಿದರೆ ಹತ್ತಿರ ಹತ್ತಿರ 5 ನ್ಯೂಟನ್ ಮೀಟರ್. 20 ಸೆಂ.ಮೀ. ದೂರದಲ್ಲಿ 20 ಕಿಲೋ ಹಾಕಿದರೆ 39. ಪ್ರಯಾಣದ ಬ್ಯಾಗು ತೂಗುವ ಕೊಕ್ಕೆಯ ತಕ್ಕಡಿ ಎಷ್ಟೋ ಮನೆಗಳಲ್ಲಿದೆ. ಸ್ಪ್ಯಾನರಿನ ಹಿಡಿಯಲ್ಲಿ 20 ಸೆಂ.ಮೀ. ಗುರುತು ಹಾಕಿ, ಅಲ್ಲಿಗೆ ದಾರ ಕಟ್ಟಿ, ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಹಿಡಿಗೆ ಲಂಬವಾಗಿ ಎಳೆಯಿರಿ. 20 ಕಿಲೋ ತೋರಿಸಿದಾಗ ನಿಲ್ಲಿಸಿ. ಕ್ರ್ಯಾಂಕಿಗೂ ಎಕ್ಸಲ್ ನಟ್ಟಿಗೂ ಇಷ್ಟು ಸಾಕು. ಒಂದೆರಡು ಸಲ ಹೀಗೆ ಮಾಡಿದರೆ ಎಷ್ಟು ಬಲ ಹಾಕಬೇಕು ಅನ್ನುವುದು ಕೈಗೇ ಗೊತ್ತಾಗುತ್ತದೆ. ಚಿಕ್ಕ ಬೋಲ್ಟಿಗೆ ಅಲೆನ್ ಕೀಯ ಗಿಡ್ಡ ತುದಿಯನ್ನು ಬೋಲ್ಟಿನಲ್ಲಿಟ್ಟು ಉದ್ದ ತುದಿಯನ್ನು ಎರಡು ಬೆರಳಲ್ಲಿ ಹಿಡಿಯಿರಿ, ಮುಷ್ಟಿಯಲ್ಲಿ ಬೇಡ. ತುದಿ ಗುಂಡಗಿರುವ ಅಲೆನ್ ಕೀ ಬೋಲ್ಟು ತಿರುಗಿಸಿ ಕೂರಿಸಲು ಒಳ್ಳೆಯದು, ಕೊನೆಯ ಬಿಗಿಗೆ ಬೇಡ. ಆರು ಮೂಲೆಯನ್ನೂ ಉರುಟು ಮಾಡಿಬಿಡುತ್ತದೆ.

ಗ್ರೀಸಿನ ವಿಷಯದಲ್ಲಿ ಗೊಂದಲ ಜಾಸ್ತಿ. ಗ್ರೀಸು ಹಚ್ಚಿದರೆ ಬೋಲ್ಟು ಜಾರಿ ಬಿಚ್ಚಿಕೊಳ್ಳುತ್ತದೆ ಅಂತ ಕೆಲವರು ಒಣಗಿಸಿಯೇ ಹಾಕುತ್ತಾರೆ. ಆದರೆ ನೀವು ಹಾಕುವ ಬಲದಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸುತ್ತದೆ. ಉಳಿದದ್ದೆಲ್ಲ ತಲೆಯ ಕೆಳಗಿನ ಮತ್ತು ತ್ರೆಡ್ಡಿನ ಘರ್ಷಣೆಗೇ ಹೋಗುತ್ತದೆ. ಒಣಗಿದ, ತುಕ್ಕು ಹಿಡಿದ ತ್ರೆಡ್ಡಿನಲ್ಲಿ ಘರ್ಷಣೆ ಇನ್ನೂ ಜಾಸ್ತಿ. ಕೈಗೆ ಟೈಟ್ ಅನ್ನಿಸುತ್ತದೆ, ಒಳಗೆ ಹಿಡಿತ ಇರುವುದಿಲ್ಲ. ತ್ರೆಡ್ಡಿಗೂ ತಲೆಯ ಕೆಳಗೂ ತೆಳುವಾಗಿ ಗ್ರೀಸು ಹಚ್ಚಿದರೆ ಹಾಕಿದ ಬಲ ಹಿಡಿತವಾಗಿ ಮಾರ್ಪಡುತ್ತದೆ. ಗ್ರೀಸು ಹಚ್ಚಿದ ಮೇಲೆ ಹೇಳಿದ ಅಂಕಿಯ ಮೇಲಿನ ತುದಿಗೆ ಹೋಗದೆ ಕೆಳಗಿನ ತುದಿಯಲ್ಲಿ ನಿಲ್ಲಿಸಿ. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಉಪ್ಪು ಗಾಳಿಯಲ್ಲಿ ಅಲ್ಯೂಮಿನಿಯಂ ಫ್ರೇಮಿಗೆ ಹಾಕಿದ ಸ್ಟೀಲ್ ಬೋಲ್ಟು ಗ್ರೀಸಿಲ್ಲದಿದ್ದರೆ ಎರಡು ಮಳೆಗಾಲದಲ್ಲಿ ಕಚ್ಚಿಕೊಂಡುಬಿಡುತ್ತದೆ. ಆಮೇಲೆ ಬಿಚ್ಚಲು ಹೋದಾಗ ತಲೆ ಮಾತ್ರ ಕೈಗೆ ಬರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಗ್ರೀಸಲ್ಲ, ಕೆಲವೇ ದಿನಗಳಲ್ಲಿ ಆರಿಹೋಗುತ್ತದೆ.

ಗ್ರೀಸು ಬೇಡದ, ಅಂಟು ಬೇಕಾದ ಜಾಗಗಳೂ ಇವೆ. ಮಡ್‌ಗಾರ್ಡ್, ಕ್ಯಾರಿಯರ್, ಡಿಸ್ಕ್ ಬ್ರೇಕಿನ ರೋಟರ್, ಇಂಥ ಸದಾ ನಡುಗುವ ಚಿಕ್ಕ ಬೋಲ್ಟುಗಳಿಗೆ ನೀಲಿ ಬಣ್ಣದ ಮಧ್ಯಮ ತ್ರೆಡ್‌ಲಾಕರ್ ಒಳ್ಳೆಯದು. ಹಳೆಯ ಗ್ರೀಸನ್ನು ಸ್ಪಿರಿಟ್ಟಿನಿಂದ ಒರೆಸಿ, ಒಣಗಿಸಿ, ನಟ್ಟು ಕೂರುವ ಜಾಗದ ತ್ರೆಡ್ಡಿಗೆ ಒಂದೇ ತೊಟ್ಟು ಹಾಕಿ. ಗಾಳಿ ತಾಗದ ಲೋಹದ ಸಂದಿಯಲ್ಲಿ ಅದು ಗಟ್ಟಿಯಾಗುತ್ತದೆ, ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು. ಕೆಂಪು ಬಣ್ಣದ್ದನ್ನು ಸೈಕಲ್ಲಿಗೆ ತರಲೇಬೇಡಿ. ಬಿಸಿ ಮಾಡದೆ ಅದು ಬಿಡುವುದಿಲ್ಲ, ಬಿಸಿ ಮಾಡಿದರೆ ಬಣ್ಣವೂ ಸೀಲುಗಳೂ ಹಾಳು. ಪ್ಲಾಸ್ಟಿಕ್ಕಿಗೆ ತಾಗದಂತೆಯೂ ನೋಡಿಕೊಳ್ಳಿ, ಕೆಲವು ಪ್ಲಾಸ್ಟಿಕ್ಕುಗಳು ಅದರಿಂದ ಬಿರುಕು ಬಿಡುತ್ತವೆ. ಬೋಲ್ಟಿನ ಹಿಂದೆ ಜಾಗವಿದ್ದರೆ ನೈಲಾನ್ ಉಂಗುರದ ಲಾಕ್ ನಟ್ಟು ಇನ್ನೂ ಸುಲಭ. ಬೆರಳಲ್ಲೇ ಪೂರ್ತಿ ತಿರುಗುವಷ್ಟು ಸವೆದರೆ ಅದನ್ನು ಎಸೆಯಿರಿ.

ಈಗ ಹೆಚ್ಚು ತೊಂದರೆ ಕೊಡುವ ಜಾಗಗಳಿಗೆ ಬರೋಣ. ಮೊದಲು ಎಡಗಡೆಯ ಕ್ರ್ಯಾಂಕು. ಪೆಡಲ್ ತುಳಿಯುವಾಗ ಪ್ರತಿ ಸುತ್ತಿಗೊಮ್ಮೆ ಅದೇ ಜಾಗದಲ್ಲಿ ‘ಟಕ್’ ಅಂದರೆ ಅಲ್ಲೇ ಇಳಿಯಿರಿ. ಕ್ರ್ಯಾಂಕುಗಳನ್ನು ನೆಲಕ್ಕೆ ಸಮಾನಾಂತರ ನಿಲ್ಲಿಸಿ, ಒಂದೊಂದಾಗಿ ಫ್ರೇಮಿನ ಕಡೆಗೂ ಹೊರಕ್ಕೂ ಅಲುಗಿಸಿ ನೋಡಿ. ಎರಡೂ ಕೂಡಿ ಅಲುಗಾಡಿದರೆ ತೊಂದರೆ ಒಳಗಿನ ಬೇರಿಂಗಿನದು. ಒಂದು ಮಾತ್ರ ಅಲುಗಾಡಿದರೆ ಆ ಕ್ರ್ಯಾಂಕಿನ ಬೋಲ್ಟು ಸಡಿಲ. ಚೌಕ ತುದಿಯ ಸ್ಟೀಲ್ ಎಕ್ಸಲಿನ ಮೇಲೆ ಅಲ್ಯೂಮಿನಿಯಂ ಕ್ರ್ಯಾಂಕು ಕೂರುವುದು ಬರೀ ಒತ್ತಡದಿಂದ. ಸಡಿಲವಾದದ್ದನ್ನೇ ‘ಮನೆವರೆಗೆ ಹೋಗಿಬಿಡೋಣ’ ಅಂತ ಹತ್ತು ಕಿ.ಮೀ. ತುಳಿದರೆ ಚೌಕದ ತೂತಿನ ಮೂಲೆಗಳು ಉರುಟಾಗುತ್ತವೆ. ಆಮೇಲೆ ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ, ಕ್ರ್ಯಾಂಕೇ ಹೊಸದು ಬೇಕು. ಹಾಗಂತ ತಿಂಗಳಿಗೊಮ್ಮೆ ಬಿಗಿ ಮಾಡುತ್ತಲೇ ಇದ್ದರೆ ಕ್ರ್ಯಾಂಕು ಚೌಕದ ಮೇಲೆ ಒಳಗೊಳಗೆ ಸರಿದು ಸೀಳುತ್ತದೆ. ಸರಿಯಾದ ಅಳತೆಗೆ ಒಮ್ಮೆ, 100 ಕಿ.ಮೀ. ಆದ ಮೇಲೆ ಇನ್ನೊಮ್ಮೆ. ಅಷ್ಟೇ ಸಾಕು.

ಹಳೆಯ ಕರಿ ಸೈಕಲ್ಲುಗಳಲ್ಲಿ ಕ್ರ್ಯಾಂಕು ಹಿಡಿಯುವುದು ಕಾಟರ್ ಪಿನ್ನು, ಅಂದರೆ ಬೆಣೆಯಂಥ ಸಣ್ಣ ಕಡ್ಡಿ. ಹಳ್ಳಿಗಳಲ್ಲಿ ಇವು ಇನ್ನೂ ಹಾಲು, ಹುಲ್ಲು, ಗ್ಯಾಸ್ ಸಿಲಿಂಡರ್ ಹೊರುತ್ತಿವೆ, ಆದ್ದರಿಂದ ಇದನ್ನು ಕಲಿಯದೆ ಬಿಡಬಾರದು. ಪಿನ್ನಿನ ನಟ್ಟು ಅದನ್ನು ಒಳಗೆ ಎಳೆದುಕೊಳ್ಳುವುದಕ್ಕೆ ಇರುವುದಲ್ಲ, ಒಳಗೆ ಕೂತ ಪಿನ್ನು ಹೊರಬಾರದಂತೆ ತಡೆಯುವುದಕ್ಕೆ ಮಾತ್ರ. ನಟ್ಟಿನಿಂದಲೇ ಎಳೆದರೆ ತ್ರೆಡ್ಡು ಹೋಗುವುದು ಖಂಡಿತ. ಕ್ರ್ಯಾಂಕಿನ ಕೆಳಗೆ ಗಟ್ಟಿ ಕಬ್ಬಿಣದ ಪೈಪೊಂದನ್ನು ನೆಲಕ್ಕೆ ಊರಿ ಆಸರೆ ಕೊಡಿ. ಇಲ್ಲದಿದ್ದರೆ ಸುತ್ತಿಗೆಯ ಪೆಟ್ಟು ಬೇರಿಂಗಿನ ಬಟ್ಟಲಿಗೆ ಹೋಗಿ ಗುಳಿ ಬೀಳುತ್ತದೆ. ಪಿನ್ನನ್ನು ಹೊಡೆದು ಕೂರಿಸಿ, ಆಮೇಲೆ ನಟ್ಟು ಹಾಕಿ. 15-20 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಹೊಡೆದು, ನಟ್ಟನ್ನು ಮತ್ತೆ ಬಿಗಿ ಮಾಡಿ. ಎರಡು ಪಿನ್ನುಗಳ ನಟ್ಟು ಎದುರುಬದುರು ಬರಬೇಕು. ಬಲ ಕ್ರ್ಯಾಂಕು ಮುಂದಿದ್ದಾಗ ಅದರ ನಟ್ಟು ಮೇಲಿದ್ದರೆ, ಹಿಂದಿರುವ ಎಡ ಕ್ರ್ಯಾಂಕಿನ ನಟ್ಟು ಕೆಳಗಿರಬೇಕು. ತಪ್ಪಿದರೆ ಎರಡು ಕ್ರ್ಯಾಂಕುಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ.

ಎಡ ಪೆಡಲಿನ ತ್ರೆಡ್ಡು ಉಲ್ಟಾ ಅನ್ನುವುದು ಎಲ್ಲರಿಗೂ ಗೊತ್ತು, ಯಾಕೆ ಅನ್ನುವುದು ಗೊತ್ತಿರುವವರು ಕಡಿಮೆ. ಕಾಲಿನ ಭಾರ ಯಾವಾಗಲೂ ಕೆಳಮುಖ, ಕ್ರ್ಯಾಂಕು ಮಾತ್ರ ಸುತ್ತುತ್ತದೆ. ಹಾಗಾಗಿ ಪೆಡಲಿನ ಕಡ್ಡಿ ಕ್ರ್ಯಾಂಕಿನ ತೂತಿನ ಗೋಡೆಯನ್ನು ಒತ್ತುವ ಜಾಗ ಒಂದೇ ಸಮನೆ ಸುತ್ತ ಸರಿಯುತ್ತಿರುತ್ತದೆ. ತೂತಿಗಿಂತ ಕಡ್ಡಿ ಕೂದಲೆಳೆಯಷ್ಟು ಸಣ್ಣದಾದ್ದರಿಂದ ಅದು ಗೋಡೆಯ ಮೇಲೆ ಉರುಳುತ್ತಾ ನಿಧಾನ ತಿರುಗುತ್ತದೆ. ಎಡಗಡೆ ಈ ತಿರುಗು ಮಾಮೂಲಿ ತ್ರೆಡ್ಡನ್ನು ಬಿಚ್ಚುವ ದಿಕ್ಕಿಗೇ ಇರುತ್ತದೆ, ಅದಕ್ಕೇ ಅಲ್ಲಿ ಉಲ್ಟಾ ತ್ರೆಡ್ಡು. ಈ ತಿರುಗು ಎಷ್ಟು ಜೋರು ಅಂದರೆ ಬೇರಿಂಗಿನ ಎಳೆತವನ್ನೂ ಮೀರಿಸುತ್ತದೆ. ವಿಮಾನ ಹಾರಿಸುವುದಕ್ಕೂ ಮುಂಚೆ ಅಮೆರಿಕದ ಡೇಟನ್ನಿನಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ರೈಟ್ ಸಹೋದರರು 1900ರಲ್ಲೇ ತಮ್ಮ ಸೈಕಲ್ಲುಗಳಿಗೆ ಈ ಏರ್ಪಾಡು ಮಾಡಿದ್ದರು. ಗುರುತಿಟ್ಟುಕೊಳ್ಳಲು ಸುಲಭದ ದಾರಿ: ಯಾವ ಪಕ್ಕದ ಪೆಡಲಾದರೂ ಸರಿ, ಸ್ಪ್ಯಾನರನ್ನು ಮೇಲ್ಮುಖ ನಿಲ್ಲಿಸಿ ಸೈಕಲ್ಲಿನ ಮುಂದಿನ ಚಕ್ರದ ಕಡೆಗೆ ಎಳೆದರೆ ಬಿಗಿ, ಹಿಂದಿನ ಚಕ್ರದ ಕಡೆಗೆ ಎಳೆದರೆ ಸಡಿಲ. ಗ್ರೀಸು ಹಚ್ಚಿ, ಮೊದಲ ಮೂರು ನಾಲ್ಕು ಸುತ್ತು ಬೆರಳಲ್ಲೇ ಹೋಗಬೇಕು. ಹೋಗದಿದ್ದರೆ ಓರೆಯಾಗಿದೆ ಅಂತಲೇ ಅರ್ಥ, ಸ್ಪ್ಯಾನರ್ ಮುಟ್ಟದೆ ಬಿಚ್ಚಿ ಮತ್ತೆ ಶುರುಮಾಡಿ.

ಹಿಂದಿನ ಚಕ್ರದ ಎಕ್ಸಲ್ ನಟ್ಟಿನಲ್ಲಿ ಒಂದು ಮೋಸ ಅಡಗಿದೆ. ಹಳೆಯ ಕರಿ ಸೈಕಲ್ಲಿನ ಹಿಂದಿನ ಎಕ್ಸಲ್ 3/8 ಇಂಚಿನದು, ಇಂಚಿಗೆ 26 ತ್ರೆಡ್ಡು. ಗೇರ್ ಸೈಕಲ್ಲುಗಳಲ್ಲಿ ಎಂ10, ಅಂದರೆ 10 ಮಿ.ಮೀ., ತ್ರೆಡ್ಡಿನಿಂದ ತ್ರೆಡ್ಡಿಗೆ 1 ಮಿ.ಮೀ. 26 ತ್ರೆಡ್ಡಿನ ಅಂತರ 0.977 ಮಿ.ಮೀ., ಹಾಗಾಗಿ ಎಂ10 ನಟ್ಟು 3/8ರ ಎಕ್ಸಲಿಗೆ ಆರಾಮಾಗಿ ಹತ್ತುತ್ತದೆ. ಆದರೆ ಎಕ್ಸಲ್ ಅರ್ಧ ಮಿ.ಮೀ.ನಷ್ಟು ಸಣ್ಣದು, ತ್ರೆಡ್ಡು ಕಚ್ಚುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ಕೊನೆಯ ಎಳೆತಕ್ಕೆ ಸ್ಲಿಪ್ಪಾಗುತ್ತದೆ, ಇಲ್ಲವೇ ಏರು ರಸ್ತೆಯಲ್ಲಿ ನಿಂತು ತುಳಿದಾಗ. ನಟ್ಟನ್ನು ಎಕ್ಸಲಿಗೆ ನಾಲ್ಕು ಸುತ್ತು ಹಾಕಿ ಅಲುಗಿಸಿ ನೋಡಿ, ಕಟಕಟ ಅಲುಗಾಡಿದರೆ ಅದು ಆ ಎಕ್ಸಲಿನ ನಟ್ಟಲ್ಲ. ಬಲಗಡೆಯ ನಟ್ಟು ಸಡಿಲವಾದರೆ ಚೈನು ಆ ಪಕ್ಕವನ್ನು ಮುಂದೆ ಎಳೆಯುತ್ತದೆ, ಚಕ್ರ ಓರೆಯಾಗಿ ಎಡಗಡೆಯ ಪೈಪಿಗೆ ಉಜ್ಜಿ ಗಕ್ಕನೆ ನಿಲ್ಲುತ್ತದೆ. ಕರಿ ಸೈಕಲ್ಲಿನಲ್ಲಿ ಇನ್ನೊಂದು ತೊಡಕು. ಒಂದೇ ನಟ್ಟಿನ ಕೆಳಗೆ ಮಡ್‌ಗಾರ್ಡಿನ ಕಡ್ಡಿ, ಕ್ಯಾರಿಯರಿನ ಕಾಲು, ಸ್ಟ್ಯಾಂಡು ಎಲ್ಲ ಒಟ್ಟಿಗೆ ಕೂತಿರುತ್ತವೆ. ಪ್ರತಿ ಪಟ್ಟಿಯ ಬಣ್ಣವೂ ಬೇರೆ ಬೇರೆ ತಗ್ಗುತ್ತದೆ. ಆ ಜಾಗಗಳ ಬಣ್ಣ ಕೆರೆದು, ಹಲ್ಲಿನ ವಾಷರನ್ನು ಫ್ರೇಮಿಗೆ ತಾಗುವಂತೆ ಹಾಕಿ. ತುಂಬಿದ ಸಿಲಿಂಡರ್ ಅಂದರೆ 30 ಕಿಲೋ ಹತ್ತಿರ, ಅದನ್ನು ಹೊರುವ ಸೈಕಲ್ಲಿನ ಈ ನಟ್ಟನ್ನು ವಾರಕ್ಕೊಮ್ಮೆ ನೋಡಲೇಬೇಕು.

ಹ್ಯಾಂಡಲಿನ ಸ್ಟೆಮ್ಮಿಗೆ ನಾಲ್ಕು ಬೋಲ್ಟಿದ್ದರೆ ಮೂಲೆಯಿಂದ ಎದುರು ಮೂಲೆಗೆ, ಪ್ರತಿ ಸಲ ಕಾಲು ಸುತ್ತಿನಂತೆ ಬಿಗಿ ಮಾಡಿ. ಮುಚ್ಚಳದ ಮೇಲಿನ ಮತ್ತು ಕೆಳಗಿನ ಸಂದಿ ಒಂದೇ ಸಮ ಇರಬೇಕು. ಫೋರ್ಕಿನ ನೆತ್ತಿಯ ಮೇಲಿನ ಮುಚ್ಚಳದ ಬೋಲ್ಟು ಹ್ಯಾಂಡಲನ್ನು ಹಿಡಿಯುವುದಿಲ್ಲ, ಬೇರಿಂಗಿನ ಆಟ, ಅಂದರೆ ಸಡಿಲ ಅಲುಗಾಟ, ಸರಿಮಾಡುತ್ತದೆ ಅಷ್ಟೆ. ಸ್ಟೆಮ್ಮಿನ ಪಕ್ಕದ ಬೋಲ್ಟುಗಳನ್ನು ಮೊದಲು ಸಡಿಲಿಸಿ, ಆಟ ಹೋಗುವವರೆಗೆ ಮೇಲಿನದನ್ನು ತಿರುಗಿಸಿ, ಕೊನೆಗೆ ಪಕ್ಕದ್ದನ್ನು ಬಿಗಿ ಮಾಡಿ. ಮುಂದಿನ ಮಡ್‌ಗಾರ್ಡಿನ ಬೋಲ್ಟು ಇಡೀ ಸೈಕಲ್ಲಿನಲ್ಲಿ ಅತಿ ಕಡೆಗಣಿಸಿದ ಬೋಲ್ಟು. ಅದು ಬಿದ್ದು ಮಡ್‌ಗಾರ್ಡ್ ಚಕ್ರದೊಳಗೆ ಮಡಚಿಕೊಂಡರೆ ಚಕ್ರ ಅಲ್ಲೇ ಕಚ್ಚುತ್ತದೆ, ಸವಾರ ಹ್ಯಾಂಡಲಿನ ಮೇಲಿಂದ ಮುಂದೆ ಬೀಳುತ್ತಾನೆ. ನಾನಿಲ್ಲಿ ಹೇಳಿದ ಅಪಾಯಗಳಲ್ಲಿ ಇದೇ ದೊಡ್ಡದು ಅಂತ ನನ್ನ ಭಾವನೆ.

ಇಷ್ಟೆಲ್ಲವನ್ನೂ ದಿನಾ ಸ್ಪ್ಯಾನರ್ ಹಿಡಿದು ನೋಡುವುದು ಆಗದ ಮಾತು. ಅದಕ್ಕೆ ಬಿಗಿ ಮಾಡಿದ ಮೇಲೆ ಬೋಲ್ಟಿನ ತಲೆಯಿಂದ ಪಕ್ಕದ ಭಾಗದ ಮೇಲೆ ಹಾಯುವಂತೆ ಪೇಂಟ್ ಮಾರ್ಕರಿನಿಂದಲೋ ನೇಲ್ ಪಾಲಿಶಿನಿಂದಲೋ ತೆಳ್ಳಗೆ ಒಂದು ಗೆರೆ ಎಳೆಯಿರಿ. ಗೆರೆ ಎರಡು ತುಂಡಾಗಿ ಸರಿದಿದ್ದರೆ ಬೋಲ್ಟು ತಿರುಗಿದೆ. ಬಣ್ಣ ತಗ್ಗಿ ಹೋದ ಬಿಗಿಯನ್ನು ಈ ಗೆರೆ ತೋರಿಸುವುದಿಲ್ಲ, ಅದಕ್ಕೆ ಕಿವಿ ಬೇಕು. ಸೈಕಲ್ಲನ್ನು ಒಂದು ಗೇಣು ಎತ್ತಿ ಬಿಡಿ. ಟೈರಿನ ದಬ್ ಸದ್ದಿನ ಜೊತೆ ಗಲಗಲ ಅನ್ನುವ ಸದ್ದು ಬಂದರೆ ಎಲ್ಲಿಂದ ಅಂತ ಹುಡುಕಿ.

ಕೊನೆಯದಾಗಿ, ಮುರಿದೇ ಹೋದರೆ ಏನು ಮಾಡುವುದು. ತುಂಡು ಹೊರಗೆ ಚಾಚಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಅದರ ಮೇಲೆ ಅಡ್ಡ ಸೀಳು ಕೊರೆದು ಸ್ಕ್ರೂ ಡ್ರೈವರಿನಿಂದ ತಿರುಗಿಸಿ. ಸಡಿಲವಾಗಿ ಮುರಿದ ಬೋಲ್ಟು ಒಳಗೂ ಸಡಿಲವಾಗಿಯೇ ಇರುವುದರಿಂದ ಎಷ್ಟೋ ಸಲ ಸುಲಭವಾಗಿ ಬರುತ್ತದೆ. ಮಟ್ಟಸವಾಗಿ ಮುರಿದಿದ್ದರೆ ಸರಿಯಾಗಿ ನಡುಮಧ್ಯಕ್ಕೆ ಸೆಂಟರ್ ಪಂಚ್ ಹೊಡೆದು, ಉಲ್ಟಾ ತಿರುಗುವ ಡ್ರಿಲ್ ಬಿಟ್ಟಿನಿಂದ ಮೆಲ್ಲಗೆ ಕೊರೆಯಿರಿ. ಕೊರೆಯುತ್ತಿರುವಾಗಲೇ ಬಿಟ್ಟು ಕಚ್ಚಿ ತುಂಡು ಹೊರಬರುವುದೂ ಉಂಟು. ಎಂ5ಕ್ಕೆ 4.2 ಮಿ.ಮೀ.ಗಿಂತ, ಎಂ6ಕ್ಕೆ 5 ಮಿ.ಮೀ.ಗಿಂತ ದೊಡ್ಡ ಬಿಟ್ಟು ಬೇಡ. ಅದಕ್ಕಿಂತ ದೊಡ್ಡದಾದರೆ ಫ್ರೇಮಿನ ತ್ರೆಡ್ಡಿಗೇ ಏಟು. ಆಮೇಲೆ ಅದೇ ಅಳತೆಯ ಟ್ಯಾಪಿಗೆ (ತ್ರೆಡ್ಡು ಕೊರೆಯುವ ಉಪಕರಣಕ್ಕೆ) ಎಣ್ಣೆ ಹಚ್ಚಿ ಒಮ್ಮೆ ಹಾಯಿಸಿ. ಹೊಸ ಬೋಲ್ಟು ತರುವಾಗ ತಲೆಯ ಮೇಲೆ ಬಲದ ದರ್ಜೆ ಹೇಳುವ 8.8 ಅಥವಾ ಅದಕ್ಕಿಂತ ಮೇಲಿನ ಅಂಕಿ ಇದೆಯೇ ನೋಡಿ. ಹೊಳೆಯುವ ಎ2-70 ಸ್ಟೇನ್‌ಲೆಸ್ ಬೋಲ್ಟು ತುಕ್ಕು ಹಿಡಿಯದು ನಿಜ, ಆದರೆ 8.8ಕ್ಕಿಂತ ಬಲ ಕಡಿಮೆ. ಬಾಟಲ್ ಸ್ಟ್ಯಾಂಡಿಗೆ, ಮಡ್‌ಗಾರ್ಡಿಗೆ ಹಾಕಿ, ಸ್ಟೆಮ್ಮಿಗೆ ಬೇಡ. ಸ್ಟೆಮ್ಮಿನ ನಾಲ್ಕರಲ್ಲಿ ಒಂದು ಮುರಿದಿದ್ದರೆ ನಾಲ್ಕನ್ನೂ ಬದಲಿಸಿ. ಆ ಒಂದು ಸಡಿಲವಾಗಿದ್ದಷ್ಟು ದಿನವೂ ಅದರ ಪಾಲಿನ ಭಾರವನ್ನು ಉಳಿದ ಮೂರು ಹೊತ್ತಿವೆ, ಅವುಗಳಲ್ಲೂ ಬಿರುಕು ಶುರುವಾಗಿರಬಹುದು.